ಉಂಡ ಮನೆಯ ಜಂತೆ ಎಣಿಸುವ ಕೆಲಸ

ಹೋದ ತಿಂಗಳು ಸಿಂಚನಾ ಡರ್ಹಮ್‌ನ ನಮ್ಮ ಮನೆಗೆ ಬಂದಿದ್ದಳು. ಮೈಸೂರಿನ ಸರಸ್ವತಿಪುರಂ ಹುಡುಗಿ, ನಗರ ಯೋಜನೆ ಓದಿದವಳು, ಗ್ರೀನ್ ಕಾರ್ಡ್ ಕೈಗೆ ಬಂದು ಮೂರು ತಿಂಗಳಾಗಿದೆ. ಸೋಫಾದ ತುದಿಯಲ್ಲಿ ಕುಳಿತು ಕೇಳಿದಳು, "ಆಂಟಿ, ನಂಗೊಂದು ಕೌಂಟಿ ಪ್ಲಾನಿಂಗ್ ಆಫೀಸಲ್ಲಿ ಜಾಬ್ ಆಫರ್ ಬಂದಿದೆ. ಪೂರ್ತಿ ಹಳ್ಳಿ ಕಡೆ. ಅಕ್ಸೆಪ್ಟ್ ಮಾಡ್ಲಾ? ನೀವು ಅಷ್ಟು ವರ್ಷ ಅದೇ ಕೆಲ್ಸ ಮಾಡಿದ್ರಲ್ಲ, ನಿಜವಾಗ್ಲೂ ಹೆಂಗಿರುತ್ತೆ?"

"ಮಾಡು ಮಗಾ, ಒಳ್ಳೇ ಕೆಲ್ಸ" ಎಂದೆ. ಚಹಾ ಕೊಟ್ಟೆ, ಕಳಿಸಿದೆ. ಅವಳ ಕಾರು ತಿರುವು ದಾಟಿದ ಮೇಲೆ ನನಗೇ ನಾಚಿಕೆಯಾಯಿತು. ಅದೇನು ಉತ್ತರ? ಮದುವೆ ಹೇಗಿರುತ್ತದೆ ಎಂದು ಕೇಳಿದ ಹುಡುಗಿಗೆ ಚೆನ್ನಾಗಿರುತ್ತೆ ಹೋಗು ಎಂದ ಹಾಗಾಯಿತು. ಆದ್ದರಿಂದ ಕುಳಿತು ಬರೆಯುತ್ತಿದ್ದೇನೆ. ಓದಿ ಆಮೇಲೆ ಬೇಕಾದರೆ ಹೂಂ ಅನ್ನಲಿ.

ನಾನು ಶಾಹಿದಾ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿದವಳು. ಅಬ್ಬಾ ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿದ್ದರು. ಮನೆಯಲ್ಲಿ ಉರ್ದು, ಕಾಗದದ ಮೇಲೆ ಕನ್ನಡ. ನಮ್ಮ ಮನೆಯವರಿಗೆ ಡರ್ಹಮ್‌ನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತೆಂದು ನಾರ್ತ್ ಕ್ಯಾರೊಲಿನಾಕ್ಕೆ ಬಂದೆವು. ಮಕ್ಕಳು ಶಾಲೆಗೆ ಹೋದ ಮೇಲೆ ನಾನು ಉತ್ತರಕ್ಕೆ ಒಂದು ಗಂಟೆ ದೂರದ ಒಂದು ಕೌಂಟಿಯ ಪ್ಲಾನಿಂಗ್ ಕಚೇರಿಗೆ ಸೇರಿದೆ. ನಕ್ಷೆ ಬರೆಯುವವಳಾಗಿ ಸೇರಿ, ಸ್ಥಳ ನೋಡಿ ವರದಿ ಕೊಡುವವಳಾಗಿ ನಿವೃತ್ತಳಾದೆ. ಆ ಕೌಂಟಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಮಾತನ್ನೆಲ್ಲ ನನ್ನ ಮೈಸೂರು ಕನ್ನಡದಲ್ಲೇ ಬರೆಯುತ್ತೇನೆ, ನನ್ನ ಕಿವಿಯಲ್ಲಿ ಅದು ಹಾಗೆಯೇ ಉಳಿದುಕೊಂಡಿದೆ.

ಮೊದಲು ಕೌಂಟಿ ಎಂದರೇನು ಎಂದು ತಿಳಿದುಕೋ, ಸಿಂಚನಾ. ನಮ್ಮ ತಾಲ್ಲೂಕಿನಷ್ಟು ಜಾಗ, ಆದರೆ ಮೇಲಿನಿಂದ ಬರುವ ತಹಸೀಲ್ದಾರನಿಲ್ಲ. ಜನ ಆರಿಸಿದ ಐದು ಮಂದಿ ಕಮಿಷನರುಗಳು ತಿಂಗಳಿಗೊಮ್ಮೆ ಕೋರ್ಟ್‌ಹೌಸಿನ ಮಹಡಿಯ ಹಾಲಿನಲ್ಲಿ ಸೇರುತ್ತಾರೆ. ದಿನದಿನದ ಆಡಳಿತಕ್ಕೆ ಅವರು ಸಂಬಳಕ್ಕಿಟ್ಟುಕೊಂಡ ಒಬ್ಬ ಮ್ಯಾನೇಜರ್. ಪೊಲೀಸ್ ಕೆಲಸ ನೋಡುವ ಶೆರಿಫ್‌ನನ್ನು ಜನ ಬೇರೆಯಾಗಿ ಆರಿಸುತ್ತಾರೆ, ಅವನಿಗೆ ಕಮಿಷನರುಗಳೂ ಒಂದೇ, ಬೀದಿಯವರೂ ಒಂದೇ. ಆಸ್ತಿ ಪತ್ರ ನೋಂದಾಯಿಸುವವರನ್ನೂ ಬೇರೆ ಆರಿಸುತ್ತಾರೆ. ಶಾಲೆಗೊಂದು ಬೋರ್ಡು, ಮಣ್ಣು ನೀರಿಗೊಂದು ಬೋರ್ಡು. ಒಳಗೆ ಮೂರು ಪುಟ್ಟ ಪಟ್ಟಣಗಳಿವೆ, ಒಂದೊಂದಕ್ಕೂ ಒಬ್ಬ ಮೇಯರ್. ಪಟ್ಟಣದ ಗಡಿಕಲ್ಲಿನೊಳಗೆ ಅವರ ಕಾನೂನು, ಹೊರಗೆ ನಮ್ಮದು. ಬೆಂಕಿ ಆರಿಸುವವರು ಊರವರೇ, ಹಗಲು ಟ್ರ್ಯಾಕ್ಟರ್, ಕರೆ ಬಂದರೆ ಫೈರ್ ಟ್ರಕ್. ಇವಲ್ಲದೆ ಒಂಬತ್ತು ಟೌನ್‌ಶಿಪ್‌ಗಳಿವೆ, ನಮ್ಮ ಹೋಬಳಿಯ ಹಾಗೆ. ಹೋಬಳಿಗೆ ಒಬ್ಬ ರೆವಿನ್ಯೂ ಇನ್‌ಸ್ಪೆಕ್ಟರನಾದರೂ ಇರುತ್ತಾನೆ, ಇವಕ್ಕೆ ಈಗ ನಕ್ಷೆಯ ಮೇಲಿನ ಗೆರೆ ಬಿಟ್ಟರೆ ಏನೂ ಇಲ್ಲ.

ಕೌಂಟಿ, ಶೆರಿಫ್, ಈ ಹೆಸರುಗಳೆಲ್ಲ ಇಂಗ್ಲೆಂಡಿನ ಹಳ್ಳಿ ಜಿಲ್ಲೆಗಳಿಂದ ಹಡಗು ಹತ್ತಿ ಬಂದವು ಎಂದು ನನ್ನ ಮೇಲಧಿಕಾರಿ ಡೆನಿಸ್ ಹೇಳುತ್ತಿದ್ದ. "ನಿಮ್ಮೂರಿಗೂ ಅವರೇ ಅಲ್ವಾ ಬಂದಿದ್ದು?" ಎಂದು ಕೇಳಿದ ಒಮ್ಮೆ. "ಬಂದ್ರು. ನಮಗೆ ಕಲೆಕ್ಟರನ್ನ ಬಿಟ್ಟು ಹೋದ್ರು, ನಿಮಗೆ ಶೆರಿಫನ್ನ" ಎಂದೆ. ಡೆನಿಸ್ ನಕ್ಕದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ, ಅದರಲ್ಲಿ ಅದೊಂದು. ಮುಖ ಗಂಟಿಕ್ಕಿಕೊಂಡೇ ಹುಟ್ಟಿದವನು. ಆದರೆ ಕೆಲಸ ಕಲಿಸಿದವನು ಅವನೇ.

ಕಲಿತದ್ದು ತಪ್ಪು ಮಾಡಿಯೇ. ಜಮೀನಿನ ಬಳಕೆ ಬದಲಿಸುವ ಅರ್ಜಿ ಬಂದರೆ ಆ ಜಾಗದಲ್ಲಿ ನಾವು ಒಂದು ಬೋರ್ಡು ನೆಡಬೇಕು, ಇಂಥ ದಿನ ವಿಚಾರಣೆ ಇದೆ ಎಂದು. ಒಂದು ಸಲ ಕಂಪ್ಯೂಟರ್ ನಕ್ಷೆ ನಂಬಿ ರಸ್ತೆಯ ಆಚೆ ಬದಿಗೆ ನೆಡುವುದನ್ನು ಈಚೆ ಬದಿಗೆ ನೆಟ್ಟು ಬಂದೆ. ಅದು ಒಬ್ಬ ಒಂಟಿ ಹೆಂಗಸಿನ ಅಂಗಳ. ತನ್ನ ಮನೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆಂದು ಆಕೆ ಮೂರು ದಿನ ಅನ್ನ ನೀರು ಬಿಟ್ಟು ಅತ್ತಿದ್ದಳಂತೆ. ನಾನು ಹೋಗಿ ಬೋರ್ಡು ಕಿತ್ತು, ಕೈಮುಗಿದು ಕ್ಷಮೆ ಕೇಳಿದೆ. ಡೆನಿಸ್ ಬೈಯಲಿಲ್ಲ. "ನಕ್ಷೆ ನೋಡಿ ಬರೀಬೇಡ. ಹೋಗಿ, ಅಲ್ಲೇ ನಿಂತು, ನೋಡಿ ಬರಿ" ಎಂದ. ಅಬ್ಬಾ ಸರಪಳಿ ಹೆಗಲಿಗೇರಿಸಿಕೊಂಡು ಹೊಲ ಅಳೆಯಲು ಹೋಗುತ್ತಿದ್ದಾಗ ಹೇಳುತ್ತಿದ್ದುದೂ ಹೆಚ್ಚುಕಮ್ಮಿ ಇದೇ.

ಆಮೇಲೆ ಕೊರೊನಾ ಬಂತು. ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ಮಹಡಿಯ ಹಾಲಿಗೆ ಬೀಗ ಬಿತ್ತು, ಕಮಿಷನರುಗಳು ಪರದೆಯ ಮೇಲೆ ಐದು ಪುಟ್ಟ ಚೌಕಗಳಾದರು. ಚೇರ್ಮನ್ ಹೊಗೆಸೊಪ್ಪು ಬೆಳೆಯುತ್ತಿದ್ದ ಹಳೇ ರೈತ, ಮೈಕ್ ಆರಿಸುವುದು ಕೊನೆಯವರೆಗೂ ಅವರಿಗೆ ಬರಲಿಲ್ಲ. ಅವರ ಮನೆಯ ಹುಂಜ ಎಷ್ಟು ನಿರ್ಣಯಗಳ ಮಧ್ಯೆ ಕೂಗಿದೆಯೋ! ಒಳ್ಳೆಯದೂ ಆಯಿತು, ನಡೆಯಲಾಗದವರು ಮನೆಯಿಂದಲೇ ಮಾತಾಡಿದರು. ಕೆಟ್ಟದ್ದೂ ಆಯಿತು, ಇಂಟರ್ನೆಟ್ ಇಲ್ಲದ ಕಡೆಯ ಜನ ಲೈಬ್ರರಿಯ ವೈಫೈ ಸಿಗುವ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿಕೊಂಡು, ಗಾಜು ಏರಿಸಿ, ಬೆವರುತ್ತಾ ಮಾತಾಡಲು ಸಿಗುವ ತಮ್ಮ ಮೂರು ನಿಮಿಷಕ್ಕಾಗಿ ಕಾಯುತ್ತಿದ್ದರು. ನಾವೂ ಮನೆಯಲ್ಲೇ ಕುಳಿತು ಉಪಗ್ರಹದ ಚಿತ್ರ ನೋಡಿ ವರದಿ ಬರೆಯುವ ಅಭ್ಯಾಸಕ್ಕೆ ಬಿದ್ದೆವು. ಅದು ಕೆಟ್ಟ ಅಭ್ಯಾಸ. ಮರದ ಕೆಳಗಿರುವುದು ಮೇಲಿನಿಂದ ಕಾಣುವುದಿಲ್ಲ.

ಈಗ ನಾನು ಹೇಳಲೇಬೇಕೆಂದು ಕುಳಿತಿರುವ ವಿಷಯಕ್ಕೆ ಬರುತ್ತೇನೆ.

ಕೊರೊನಾ ಇಳಿದು ಡರ್ಹಮ್‌ನಲ್ಲಿ ಮನೆ ಬೆಲೆ ಆಕಾಶಕ್ಕೇರಿದ ಮೇಲೆ ಜನ ನಮ್ಮ ಕೌಂಟಿಯ ಕಡೆ ಮುಖ ಮಾಡಿದರು. ಒಬ್ಬ ಬಿಲ್ಡರ್ ಪೈನ್ ಕಾಡೊಂದನ್ನು ಕೊಂಡು ಅಲ್ಲಿ ಮನೆಗಳ ಬಡಾವಣೆ ಕಟ್ಟಲು ಅರ್ಜಿ ಹಾಕಿದ. ನಕ್ಷೆಯಲ್ಲಿ ಎಲ್ಲ ಸರಿಯಿತ್ತು. ಒಂದು ದಿನ ರೂತ್ ಎಂಬ ಹೆಂಗಸು ಕಚೇರಿಗೆ ಫೋನ್ ಮಾಡಿದಳು. ಶಾಲಾ ಬಸ್ ಓಡಿಸುವವಳು, ಕಾಡಿಗೆ ಅಂಟಿಕೊಂಡೇ ಅವಳ ತಾಯಿಯ ಮನೆ. "ಮ್ಯಾಮ್, ನೀವು ರೋಡು ಬಿಡ್ತಿರೋ ಜಾಗದಲ್ಲಿ ನಮ್ಮೋರು ಮಲಗಿದಾರೆ" ಎಂದಳು. ಗುಲಾಮಗಿರಿ ಮುಗಿದ ಮೇಲೆ ಅವಳ ಮುತ್ತಜ್ಜ ಕೊಂಡ ನೆಲವಂತೆ ಅದು, ನಡುವೆ ಕೈತಪ್ಪಿ ಹೋಗಿತ್ತು. ಜಮೀನಿನ ಪತ್ರಗಳಲ್ಲಿ ಸ್ಮಶಾನದ ಮಾತೇ ಇರಲಿಲ್ಲ. ಡೆನಿಸ್ ನನ್ನ ಮೇಜಿನ ಹತ್ತಿರ ಬಂದು, "ಹೋಗಿ ನಿಂತು ನೋಡಿ ಬಾ" ಎಂದ.

ಅದು ರಂಜಾನ್ ತಿಂಗಳು, ಏಪ್ರಿಲ್. ರೋಜಾ ಹಿಡಿದಿದ್ದೆ. ಮಧ್ಯಾಹ್ನದ ಮೇಲೆ ಟೇಪು, ಪುಟ್ಟ ಬಾವುಟಗಳು, ಬರೆಯುವ ಹಲಗೆ ಹಿಡಿದು ಕಾಡು ಹೊಕ್ಕೆ. ಒಂದು ದಿಬ್ಬದ ಮೇಲೆ ಪೈನ್ ನಿಂತು ಸೀಡರ್ ಮರಗಳು ಶುರುವಾದವು. ನೆಲದ ತುಂಬ ಹಸಿರು ಬಳ್ಳಿ, ನೀಲಿ ಹೂವು. ಬೇರೆ ಯಾರಾದರೂ ಆಗಿದ್ದರೆ ಹೂವು ನೋಡಿ ಮುಂದೆ ಹೋಗುತ್ತಿದ್ದರೋ ಏನೋ. ನನ್ನ ಕಾಲು ತಾನಾಗಿ ನಿಂತಿತು. ಮೈಸೂರಿನ ಖಬರಸ್ತಾನದಲ್ಲಿ ನಮ್ಮ ನಾನಿಯ ಗೋರಿಗೆ ಹೆಸರಿಲ್ಲ, ತಲೆಯ ಕಡೆ ಒಂದು ಕಾಡುಕಲ್ಲು, ಮೇಲೊಂದು ಹೂವಿನ ಗಿಡ, ವರ್ಷ ವರ್ಷ ಇಷ್ಟಿಷ್ಟೇ ಕುಸಿಯುವ ಮಣ್ಣು. ಇಲ್ಲಿಯೂ ಅದೇ. ಮಂಡಿಯೂರಿ ಬಳ್ಳಿ ಸರಿಸಿದೆ. ಆಳುದ್ದದ ತಗ್ಗುಗಳು, ತಲೆಯ ಕಡೆ ಒರಟು ಕಲ್ಲು, ಸಾಲಾಗಿ, ಎಲ್ಲವೂ ಪೂರ್ವ ಪಶ್ಚಿಮವಾಗಿ. ನನ್ನ ಬಾಯಿಂದ ತಾನಾಗಿ ಸಲಾಂ ಬಂತು. ಆಮೇಲೆ ಒಂದೊಂದಕ್ಕೂ ಬಾವುಟ ಚುಚ್ಚಿ, ಅಳೆದು, ಬರೆದುಕೊಂಡೆ. ಇಪ್ಪತ್ತಮೂರು.

ದಿಬ್ಬ ಇಳಿದು ಬರುವಾಗ ಹೊತ್ತು ಇಳಿದಿತ್ತು. ಪಕ್ಕದ ಮನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ರೂತ್‌ಳ ತಾಯಿ, ಊರವರೆಲ್ಲ ಮಿಸ್ ಎಟ್ಟಾ ಎನ್ನುತ್ತಿದ್ದರು. ಎಂಬತ್ತು ದಾಟಿದವಳು, ಮಂಡಿ ಹೋಗಿತ್ತು, ದಿಬ್ಬ ಹತ್ತಲು ಆಗುತ್ತಿರಲಿಲ್ಲ.

"ಬಾ ಮಗಳೇ, ಮೇಲೆ ಬಾ. ಮೂರು ಗಂಟೆಯಿಂದ ನೋಡ್ತಿದೀನಿ, ಒಂದು ಹನಿ ನೀರು ಕುಡೀಲಿಲ್ಲ ನೀನು."

"ಉಪವಾಸ ಇದೀನಿ ಮಿಸ್ ಎಟ್ಟಾ. ಸೂರ್ಯ ಮುಳುಗೋವರೆಗೆ."

"ಓ, ಹಂಗಾ? ನನ್ನ ತಮ್ಮನ ಮಗ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಮ್ಮೋರ ಥರಾನೇ ಮುಸ್ಲಿಂ ಆಗಿದಾನೆ. ನಂಗೊತ್ತು ಬಿಡು. ಹಂಗಾದ್ರೆ ಇಬ್ಬರೂ ಸೇರಿ ಸೂರ್ಯನ್ನ ಕಾಯೋಣ."

ಕಾಯ್ದಳು ಪುಣ್ಯಾತ್ಗಿತ್ತಿ, ನನ್ನ ಜೊತೆ, ತಾನೂ ಏನೂ ಬಾಯಿಗೆ ಹಾಕದೆ. ಸೂರ್ಯ ಪೈನ್ ಮರಗಳ ಹಿಂದೆ ಇಳಿದಾಗ ರೂತ್ ತಟ್ಟೆ ತಂದಿಟ್ಟಳು. "ಸೊಪ್ಪು ಬೇಡ, ಅದಕ್ಕೆ ಹಂದಿ ಹಾಕಿದೆ. ಬೀನ್ಸು, ಜೋಳದ ಬ್ರೆಡ್ಡು ತಿನ್ನು. ಗೆಣಸಿನ ಪೈ ಬೆಣ್ಣೇಲಿ ಮಾಡಿದ್ದು, ಹಂದಿ ಕೊಬ್ಬಿಲ್ಲ" ಎಂದಳು ಮಿಸ್ ಎಟ್ಟಾ. ಪರ್ಸಿನಲ್ಲಿದ್ದ ಖರ್ಜೂರದಿಂದ ರೋಜಾ ಬಿಟ್ಟು, ಅವಳ ತಟ್ಟೆಯ ಊಟ ಮಾಡಿದೆ. ಕಾಡಿನಲ್ಲಿ ಯಾರು ಯಾರಿದ್ದಾರೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಊಟದ ಮುಂದೆ ಆಡುವ ಮಾತಲ್ಲ ಅದು. ನನ್ನ ಅಮ್ಮಿಯ ಊಟದ ಮೇಲೆ ನನಗೆ ಅಷ್ಟು ಸಮಾಧಾನ ಕೊಟ್ಟ ಊಟ ಇನ್ನೊಂದಿಲ್ಲ.

ತಪ್ಪು ಅಲ್ಲಿಯೇ ಆಯಿತು. ಕೌಂಟಿ ನೌಕರರು ಅರ್ಜಿದಾರರ ಮನೆಯಲ್ಲಾಗಲಿ, ತಕರಾರು ಮಾಡಿದವರ ಮನೆಯಲ್ಲಾಗಲಿ ಏನೂ ಸ್ವೀಕರಿಸಬಾರದು. ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿದ ಕಾಗದದಲ್ಲೇ ಅದು ಬರೆದಿದೆ. ಕಾಗದ ಹಾಗಿರಲಿ, ನಮ್ಮ ಅಬ್ಬಾ! ಹೊಲ ಅಳೆಯಲು ಹೋದರೆ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಹೋಗಿ ಬೇವಿನ ಮರದ ಕೆಳಗೆ ಒಬ್ಬರೇ ಕುಳಿತು ತಿನ್ನುತ್ತಿದ್ದರು. ರೈತರು ಮಜ್ಜಿಗೆ ತಂದು ಕೊಟ್ಟರೂ ಮುಟ್ಟುತ್ತಿರಲಿಲ್ಲ. "ಅವರ ಮಜ್ಜಿಗೆ ಕುಡಿದರೆ ನನ್ನ ಸರಪಳಿಗೆ ಒಂದು ಕೊಂಡಿ ಜಾಸ್ತಿಯಾಗುತ್ತೆ ಬೇಟಿ" ಎನ್ನುತ್ತಿದ್ದರು. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆ ಎಲ್ಲರಿಗೂ ಗೊತ್ತು. ಜಂತೆ ಎಣಿಸುವುದೇ ಹೊಟ್ಟೆಪಾಡಾದವರು ಉಣ್ಣಬಾರದು, ಅಷ್ಟೇ. ಅಬ್ಬಾಗೆ ಅದು ಗೊತ್ತಿತ್ತು. ನಾನು ಮರೆತೆ.

ಮರೆತದ್ದಷ್ಟೇ ಅಲ್ಲ, ಬರೆದೂ ಇಟ್ಟೆ. ಮಾರನೆಯ ಬೆಳಿಗ್ಗೆ ಕಚೇರಿಯ ಇಮೇಲಿನಿಂದ ರೂತ್‌ಗೆ ಎರಡು ಸಾಲು ಕಳಿಸಿದೆ. 'ನಿಮ್ಮ ತಾಯಿಗೆ ನನ್ನ ಧನ್ಯವಾದ ತಿಳಿಸಿ. ನಿಮ್ಮ ಮನೆಯ ಉಪ್ಪು ತಿಂದಿದ್ದೇನೆ, ಅದನ್ನು ಎಂದೂ ಮರೆಯುವುದಿಲ್ಲ.' ನಮ್ಮಲ್ಲಿ ಯಾರಾದರೂ ಬರೆಯುವ ಮಾತು. ಇಂಗ್ಲಿಷಿನಲ್ಲಿ ಹಾಗೇ ಇಳಿಸಿದೆ. ಆಮೇಲೆ ವರದಿ ಬರೆಯಲು ಕುಳಿತೆ.

ಕಮಿಷನರುಗಳ ಬೋರ್ಡಿನ ಮುಂದೆ ವಿಚಾರಣೆ ಮೇ ತಿಂಗಳಲ್ಲಿ ಬಂತು. ಇಂಥ ವಿಚಾರಣೆ ಕೋರ್ಟಿನ ಹಾಗೆಯೇ, ಪ್ರಮಾಣ ಮಾಡಿ ಹೇಳಬೇಕು, ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುತ್ತಾರೆ. ಹಾಲು ತುಂಬಿತ್ತು. ಒಂದು ಕಡೆ ಮನೆ ಬೇಕೆಂದವರು, ಅವರದೂ ನ್ಯಾಯವೇ. ಇನ್ನೊಂದು ಕಡೆ ಚರ್ಚಿನ ಟೋಪಿ ಹಾಕಿಕೊಂಡ ಹೆಂಗಸರ ನಡುವೆ ಮಿಸ್ ಎಟ್ಟಾ, ಮುಂದೆ ನಡೆಗೋಲಿನ ಚೌಕಟ್ಟು. ನಾನು ನಕ್ಷೆ ತೋರಿಸಿ ಇಪ್ಪತ್ತಮೂರು ಎಂದು ಹೇಳಿ ಮುಗಿಸಿದೆ. ಬಿಲ್ಡರನ ವಕೀಲ ಎದ್ದು ನಿಂತ. ಬಹಳ ಮರ್ಯಾದಸ್ಥ, ದನಿ ಏರಿಸಲಿಲ್ಲ. ಸರ್ಕಾರಿ ಕಾಗದ ಪತ್ರ ಯಾರು ಕೇಳಿದರೂ ಕೊಡಬೇಕು, ಅವನು ನನ್ನ ಇಮೇಲುಗಳನ್ನು ಕೇಳಿ ಪಡೆದಿದ್ದ.

"ಮ್ಯಾಮ್, ಇದು ನೀವು ಬರೆದಿದ್ದೇನಾ?"

"ಹೌದು."

ಗಟ್ಟಿಯಾಗಿ ಓದಿದ. ಉಪ್ಪಿನ ಮಾತನ್ನು ಎರಡು ಸಲ ಓದಿದ. "ಇದರ ಅರ್ಥ ಏನು ಅಂತ ಬೋರ್ಡಿಗೆ ಹೇಳ್ತೀರಾ?"

ಪ್ರಮಾಣ ಮಾಡಿದ್ದೆ. ಸುಳ್ಳು ಹೇಳುವ ಹಾಗಿರಲಿಲ್ಲ. "ನಮ್ಮ ಕಡೆ, ಯಾರ ಮನೆ ಉಪ್ಪು ತಿಂತೀವೋ ಅವರಿಗೆ ದ್ರೋಹ ಮಾಡಬಾರದು ಅಂತಾರೆ" ಎಂದೆ.

"ಅಂದ್ರೆ ಈ ಮನೆಗೆ ನೀವು ನಿಷ್ಠರು."

"ನಾನು ಬಾವುಟ ಚುಚ್ಚಿದ್ದು ಊಟಕ್ಕೆ ಮುಂಚೆ ಸರ್."

"ವರದಿ ಬರೆದದ್ದು?"

"ಊಟ ಆದ ಮೇಲೆ."

ಅವನು ಕುಳಿತ. ಇನ್ನೇನೂ ಕೇಳುವ ಅಗತ್ಯ ಅವನಿಗಿರಲಿಲ್ಲ. ಬೋರ್ಡಿನ ಕಾನೂನು ಸಲಹೆಗಾರರು ಚೇರ್ಮನ್ ಕಿವಿಯಲ್ಲಿ ಏನೋ ಹೇಳಿದರು. ನನ್ನ ವರದಿಯನ್ನು ಪಕ್ಕಕ್ಕಿಡಲಾಗಿದೆ ಎಂದು ಚೇರ್ಮನ್ ಪ್ರಕಟಿಸಿದರು. ನಾನು ನನ್ನ ಕುರ್ಚಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಆ ಇಪ್ಪತ್ತಮೂರು ಮಂದಿಯ ಪರವಾಗಿ ಇದ್ದದ್ದು ನನ್ನ ಕಣ್ಣೊಂದೇ ಸಾಕ್ಷಿ, ಅದನ್ನು ನಾನೇ ಒಂದು ತುಂಡು ಪೈಗೆ ಕುರುಡು ಮಾಡಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಆ ಜಾಗ ಖುದ್ದು ನೋಡಿದವರು ಬೇರೆ ಯಾರಾದರೂ ಇದ್ದೀರಾ?" ಎಂದು ಚೇರ್ಮನ್ ಕೇಳಿದರು.

ನಡೆಗೋಲಿನ ಸದ್ದು ಕೇಳಿಸಿತು. ಮಿಸ್ ಎಟ್ಟಾ ಎದ್ದಿದ್ದಳು. ಮೈಕಿನವರೆಗೆ ಬರಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ವಕೀಲ ಆಕ್ಷೇಪಿಸಿದ. ತಾನೇ ಕಂಡದ್ದನ್ನು ಯಾರು ಬೇಕಾದರೂ ಹೇಳಬಹುದು ಎಂದರು ಕಾನೂನು ಸಲಹೆಗಾರರು.

"ನಾನು ಚಿಕ್ಕವಳಿದ್ದಾಗಿಂದ ಪ್ರತಿ ವಸಂತದಲ್ಲಿ ಅಮ್ಮನ ಜೊತೆ ಹೋಗಿ ಅಲ್ಲಿ ಕಸ ಗುಡಿಸಿದೀನಿ. ಒಂದು ಹುಲ್ಲೂ ಇರಬಾರದು ಅನ್ನೋಳು ನಮ್ಮಮ್ಮ. ನಮ್ಮನೆ ಬಾಗಿಲಿಗೆ ಹತ್ತಿರದ ಸಾಲಿಂದ ಹೇಳ್ತೀನಿ" ಎಂದು ಕಣ್ಣು ಮುಚ್ಚಿದಳು. ಕೈಯಲ್ಲಿ ಕಾಗದವಿರಲಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೇಳುತ್ತಾ ಹೋದಳು. ನೆಲ ಕೊಂಡ ಅಜ್ಜ, ಅವನ ಇಬ್ಬರು ಹೆಂಡಿರು, ಬಾವಿಗೆ ಬಿದ್ದ ಹುಡುಗ, ಸೂಲಗಿತ್ತಿ ಅತ್ತೆ, ತನ್ನ ಗಂಡ. ಒಂದು ಹೆಸರು ಹೇಳಿ ಬಲಗೈ ಸ್ವಲ್ಪ ಸರಿಸುವಳು, ಪೊರಕೆ ಹಿಡಿದು ಮುಂದಿನದಕ್ಕೆ ಹೋಗುವವಳ ಹಾಗೆ. ನಾನು ನನ್ನ ಬೆರಳುಗಳಲ್ಲಿ ಎಣಿಸುತ್ತಿದ್ದೆ. ಇಪ್ಪತ್ತಮೂರಕ್ಕೆ ನಿಲ್ಲಿಸಿದಳು. ನನ್ನ ಎದೆ ಹಗುರಾಯಿತು.

ಅವಳು ಕಣ್ಣು ತೆರೆದಳು. "ಇನ್ನೊಂದಿದೆ. ನನ್ನ ಮೊದಲನೇ ಕೂಸು. ಹುಟ್ಟಿ ಅಳಲೇ ಇಲ್ಲ ಅದು. ಹೆಸರಿಡಲಿಲ್ಲ, ಕಲ್ಲೂ ಇಡಲಿಲ್ಲ. ದೊಡ್ಡ ಸೀಡರ್ ಮರದ ಬೇರು ಕವಲಾಗೋ ಹತ್ತಿರ ಇದೆ. ಯಾರಿಗೂ ಹೇಳಿರಲಿಲ್ಲ."

ರೂತ್ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮಗಳಿಗೂ ಗೊತ್ತಿರಲಿಲ್ಲ. ಮೂರು ಗಂಟೆ ಮಂಡಿಯೂರಿ ಹುಡುಕಿದ ನಾನೂ ಆ ಕೂಸನ್ನು ಕಂಡಿರಲಿಲ್ಲ. ಚೇರ್ಮನ್ ಕನ್ನಡಕ ತೆಗೆದು ಒರೆಸಿಕೊಂಡು, ಹೊರಗಿನ ತಜ್ಞರಿಂದ ನೆಲ ಪರೀಕ್ಷೆ ಮಾಡಿಸಿ ಮುಂದಿನ ತಿಂಗಳು ತೀರ್ಮಾನಿಸೋಣ ಎಂದರು.

ತಜ್ಞೆ ಬಂದಾಗ ನನ್ನನ್ನು ಕಳಿಸಲಿಲ್ಲ, ಡೆನಿಸ್ ತಾನೇ ಹೋದ. ಆಕೆ ತೆಳ್ಳನೆಯ ಕಬ್ಬಿಣದ ಸರಳನ್ನು ನೆಲಕ್ಕಿಳಿಸಿ ನೋಡುತ್ತಿದ್ದಳಂತೆ, ಒಮ್ಮೆ ಅಗೆದ ಮಣ್ಣು ಎಷ್ಟು ವರ್ಷವಾದರೂ ಮೆದುವಾಗಿಯೇ ಇರುತ್ತದೆ. ನಾನು ಮೇಜಿನ ಮುಂದೆ ಕುಳಿತು ಒಂದು ಸಾಲೂ ಬರೆಯಲಾಗದೆ ಕಾಯುತ್ತಿದ್ದೆ. ಸಂಜೆ ಡೆನಿಸ್ ಬಂದ. ಬೂಟಿನ ಮಣ್ಣು ಕೂಡ ಕೊಡವಲಿಲ್ಲ. "ಇಪ್ಪತ್ನಾಲ್ಕು" ಎಂದ. "ಬೇರಿನ ಹತ್ತಿರಾನೇ. ಇಷ್ಟೇ ಉದ್ದ" ಎಂದು ಎರಡು ಕೈ ಹಿಡಿದು ತೋರಿಸಿದ. ನಾನು ಅತ್ತೆ. ಅವನು ಕಿಟಕಿಯ ಕಡೆ ತಿರುಗಿ ನಿಂತುಕೊಂಡ.

ಮುಂದಿನ ಸಭೆಯಲ್ಲಿ ಮೂರಕ್ಕೆ ಎರಡು ಮತ. ಬಡಾವಣೆಗೆ ಒಪ್ಪಿಗೆ ಸಿಕ್ಕಿತು, ಆದರೆ ರಸ್ತೆ ದಿಬ್ಬ ಬಿಟ್ಟು ಸುತ್ತಿ ಹೋಗಬೇಕು, ಸ್ಮಶಾನಕ್ಕೆ ಬೇಲಿ ಹಾಕಬೇಕು, ರೂತ್ ಮನೆಯವರಿಗೆ ದಾರಿಯನ್ನೂ ಮುಂದೆ ಹೂಳುವ ಹಕ್ಕನ್ನೂ ಬಿಡಬೇಕು. ಬಿಲ್ಡರ್ ಮೇಲಿನ ಕೋರ್ಟಿಗೆ ಹೋಗಲು ಮೂವತ್ತು ದಿನ ಅವಕಾಶ. ನನಗೆ ಒಂದು ಲಿಖಿತ ಎಚ್ಚರಿಕೆ ಸಿಕ್ಕಿತು. ಅದಕ್ಕೆ ಸಹಿ ಹಾಕುತ್ತಾ ಡೆನಿಸ್ ಹೇಳಿದ, "ನೀನು ನೋಡಿದ್ದು ಸರಿ. ನೀನು ಮಾಡಿದ್ದು ತಪ್ಪು. ಎರಡೂ ಒಂದೇ ಫೈಲಲ್ಲಿ ಇರುತ್ತೆ. ಈ ಮೂವತ್ತು ದಿನ ಆ ಮನೆಯಿಂದ ಒಂದು ಲೋಟ ನೀರೂ ಮುಟ್ಟಬೇಡ. ಅವರು ಕೋರ್ಟಿಗೆ ಹೋದ್ರೆ ಮೊದಲು ಕೇಳೋದು ಅದನ್ನೇ."

ಹದಿನೈದನೆಯ ದಿನ ಮಿಸ್ ಎಟ್ಟಾ ತೀರಿಕೊಂಡಳು. ನಿದ್ದೆಯಲ್ಲೇ.

ಮಣ್ಣು ಮಾಡಿದ್ದು ಹತ್ತೊಂಬತ್ತನೆಯ ದಿನ. ಹೋಗದೆ ಇರಲು ನನ್ನಿಂದಾಗಲಿಲ್ಲ, ಅಂತ್ಯಕ್ರಿಯೆಗೆ ಹೋಗಬೇಡ ಎಂದು ಯಾವ ಕಾಗದದಲ್ಲೂ ಬರೆದಿಲ್ಲ. ಅದೇ ದಿಬ್ಬದ ಮೇಲೆ, ಸೀಡರ್ ಮರದ ಹತ್ತಿರ, ಗಂಡ ಒಂದು ಪಕ್ಕ ಕೂಸು ಒಂದು ಪಕ್ಕ ಬರುವಂತೆ ಅವಳನ್ನು ಮಲಗಿಸಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಆಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಎಲ್ಲರಿಗೂ ಊಟ. ನಾನು ಗೋಡೆಯ ಪಕ್ಕ ನಿಂತಿದ್ದೆ. ರೂತ್ ಹುಡುಕಿಕೊಂಡು ಬಂದಳು, ಕಣ್ಣು ಊದಿಕೊಂಡಿತ್ತು, ಕೈಯಲ್ಲಿ ತಟ್ಟೆ.

"ಮಿಸ್ ಶಾಹಿದಾ, ನಿಮಗೆ ಅಂತ ಬೇರೆ ಪಾತ್ರೇಲಿ ಮಾಡಿದೀನಿ. ಸೊಪ್ಪಿಗೆ ಹಂದಿ ಹಾಕಿಲ್ಲ. ಅಮ್ಮ ಹೇಳಿದ್ರು ಸಾಯೋ ಮುಂಚೆ, ಆ ಹುಡುಗಿ ಬಂದ್ರೆ ನೆನಪಿರಲಿ ಅಂತ."

ಸತ್ತ ಮನೆಯ ಊಟ ಬೇಡ ಎನ್ನುವವರನ್ನು ನಮ್ಮಲ್ಲಿ ಮನುಷ್ಯರೆಂದು ಎಣಿಸುವುದಿಲ್ಲ. ಮೊಹಲ್ಲಾದಲ್ಲಿ ಒಂದು ಮನೆಯಲ್ಲಿ ಸಾವಾದರೆ ಮೂರು ದಿನ ಅಲ್ಲಿ ಒಲೆ ಹೊತ್ತುವುದಿಲ್ಲ, ಅಕ್ಕಪಕ್ಕದವರು ಮಾಡಿ ತಂದು, ಜೊತೆಗೆ ಕುಳಿತು ತಿಂದು, ತಿನ್ನಿಸಿ ಬರಬೇಕು. ತಟ್ಟೆ ನನ್ನ ಮೂಗಿನ ಹತ್ತಿರವಿತ್ತು, ಬಿಸಿಯಾಗಿತ್ತು.

"ರೂತ್, ನಂಗೆ ತಿನ್ನೋಕ್ಕಾಗಲ್ಲಮ್ಮ" ಎಂದೆ. "ಇನ್ನೂ ಹನ್ನೊಂದು ದಿನ ಇದೆ."

ಅವಳಿಗೆ ಹನ್ನೊಂದು ದಿನದ ಲೆಕ್ಕ ಅರ್ಥವಾಯಿತೋ ಇಲ್ಲವೋ. ನನ್ನ ಮುಖವನ್ನೇ ನೋಡಿದಳು. ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟು ಹೋದಳು. ಕಾರಿನಲ್ಲಿ ಕುಳಿತು ಸ್ಟೀರಿಂಗ್ ಮೇಲೆ ತಲೆಯಿಟ್ಟುಕೊಂಡೆ. ಸಿಂಚನಾ, ಕೆಲಸ ಹೇಗಿರುತ್ತೆ ಎಂದು ಕೇಳಿದೆಯಲ್ಲ, ಹೀಗಿರುತ್ತೆ. ಮೊದಲ ಸಲ ತಿಂದು ತಪ್ಪು ಮಾಡಿದೆ. ಎರಡನೆಯ ಸಲ ತಿನ್ನದೆ ಸರಿ ಮಾಡಿದೆ. ನನ್ನನ್ನು ಇವತ್ತಿಗೂ ಸುಡುವುದು ಎರಡನೆಯದು.

ಹನ್ನೊಂದು ದಿನ ಕಳೆಯಿತು. ಯಾರೂ ಕೋರ್ಟಿಗೆ ಹೋಗಲಿಲ್ಲ. ಆದರೂ ಬಡಾವಣೆಯ ಕಡತ ನನ್ನ ಮೇಜಿನ ಮೇಲೇ ಇತ್ತು, ಬೇಲಿ, ದಾರಿ, ಗುರುತುಕಲ್ಲು ಎಲ್ಲವನ್ನೂ ಪರೀಕ್ಷಿಸಿ ಸಹಿ ಹಾಕುವವಳು ನಾನೇ. ರೂತ್‌ಳ ಮನೆಯ ಮುಂದೆ ಎಷ್ಟು ಸಲ ಹೋದೆನೋ, ಕಾರಿನಿಂದಲೇ ಕೈ ಬೀಸಿ ಮುಂದೆ ಹೋದೆ. ಅವಳು ಕೈ ಬೀಸಲಿಲ್ಲ. ನನ್ನ ನೀರಿನ ಬಾಟಲಿ, ನನ್ನ ಚಪಾತಿ ನನ್ನ ಚೀಲದಲ್ಲಿರುತ್ತಿತ್ತು. ನೀನೂ ಕಟ್ಟಿಕೊಂಡು ಹೋಗು. ಕಚೇರಿಯ ಇಮೇಲಿನಲ್ಲಿ ಕೃತಜ್ಞತೆ ಬರೆಯಬೇಡ. ಆದರೆ ಹೋಗು, ನಿಂತು ನೋಡು, ಮಂಡಿಯೂರು. ಅದನ್ನು ಯಾವ ಉಪಗ್ರಹವೂ ನಿನಗೆ ಮಾಡಿಕೊಡುವುದಿಲ್ಲ.

ಬೇಲಿಯ ಕೊನೆಯ ಕಂಬಕ್ಕೆ ಸಹಿ ಹಾಕಿ ಕೆಲವು ತಿಂಗಳಿಗೆ ನಿವೃತ್ತಳಾದೆ. ಕೇಕ್ ಕತ್ತರಿಸಿದರು, ಡೆನಿಸ್ ಎರಡು ಮಾತಾಡಿದ. ಮರುದಿನ ಬೆಳಿಗ್ಗೆ ಎದ್ದು ಎಂದಿನ ಹಾಗೆ ಕಾರಿನ ಕೀ ತೆಗೆದುಕೊಂಡೆ. "ರಿಟೈರ್ ಆಗಿರೋದು ಮರ್ತೋಯ್ತಾ?" ಎಂದರು ಮನೆಯವರು. ಕಾರು ಹತ್ತಿ ಅದೇ ದಾರಿ ಹಿಡಿದೆ.

ರೂತ್ ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ.

"ಕೌಂಟಿ ಕೆಲಸದ ಮೇಲೆ ಬಂದ್ರಾ?"

"ಇಲ್ಲ ರೂತ್. ನಿನ್ನೆಗೆ ಕೆಲಸ ಮುಗೀತು. ಅವತ್ತಿನ ಊಟ ಬಾಕಿ ಇತ್ತಲ್ಲ, ಅದಕ್ಕೆ ಬಂದೆ."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಆಮೇಲೆ ಪಕ್ಕಕ್ಕೆ ಸರಿದಳು. ಅಡುಗೆಮನೆಯ ಮೇಜಿನ ಮುಂದೆ ಕುಳಿತೆ. ಅವಳು ಸೊಪ್ಪು ತೊಳೆದು ಒಲೆಗಿಟ್ಟಳು, ನನ್ನ ಎದುರಿಗೇ, ಹಂದಿ ಹಾಕದೆ. ಕಿಟಕಿಯಿಂದ ದಿಬ್ಬ ಕಾಣುತ್ತಿತ್ತು, ಬೇಲಿಯೊಳಗೆ ಯಾರೋ ಗುಡಿಸಿದ್ದರು, ಒಂದು ಹುಲ್ಲೂ ಇರಲಿಲ್ಲ. ತಟ್ಟೆ ಇಟ್ಟಳು. ಮೊದಲ ತುತ್ತು ಬಾಯಿಗಿಟ್ಟೆ, ಕಣ್ಣು ತುಂಬಿತು. ರೂತ್ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು.

"ಉಪ್ಪು ಸರಿಯಾಗಿದೆಯಾ ನೋಡಿ, ಮಿಸ್ ಶಾಹಿದಾ."

ಸರಿಯಾಗಿಯೇ ಇತ್ತು. ಆದರೂ ಇನ್ನೊಂದು ಚಿಟಿಕೆ ಹಾಕಿಕೊಂಡೆ.